ಗಾಂಧಿನಗರದ ಹೊಡೆಯುವ ಡಾಕ್ಟರಮ್ಮ

ಡಾಕ್ಟರಮ್ಮ ತೀರಿಕೊಂಡ ಸುದ್ದಿ ಕೇಳಿದ ಕೂಡಲೇ ನನ್ನ ಕೈ ತಾನಾಗಿ ಎಡಗೆನ್ನೆಗೆ ಹೋಯಿತು. ಕಣ್ಣೀರು ಒರೆಸಿಕೊಳ್ಳಲು ಹೋದದ್ದಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನ ಅವರ ಬೆರಳುಗಳು ಮೂಡಿದ್ದು ಅಲ್ಲಿಯೇ. ಕಣ್ಣೀರು ಆಮೇಲೆ ಬಂತು, ಬಳ್ಳಾರಿಯ ಬಸ್ಸು ಸಿರುಗುಪ್ಪ ದಾಟಿದ ಮೇಲೆ.

ಊರಿನವರು ಶ್ರದ್ಧಾಂಜಲಿ ಸಭೆ ಇಟ್ಟುಕೊಂಡಿದ್ದರು. ಮಾತಾಡಿದವರೆಲ್ಲ ‘ಕರುಣಾಮಯಿ’ ಎಂದರು, ‘ಶಾಂತಮೂರ್ತಿ’ ಎಂದರು. ಒಬ್ಬ ಮಹಾಶಯರಂತೂ ‘ಜೀವಮಾನದಲ್ಲಿ ಒಬ್ಬರಿಗೂ ಗಟ್ಟಿಯಾಗಿ ಮಾತಾಡಿದವರಲ್ಲ’ ಎಂದುಬಿಟ್ಟರು. ನನಗೆ ಎದ್ದು ಹೋಗಿ ಮೈಕು ಕಿತ್ತುಕೊಳ್ಳಬೇಕೆನಿಸಿತು. ಶಾಂತಮೂರ್ತಿಯಂತೆ! ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು, ನಿಜ. ಆದರೆ ಬೇರೆ ಯಾರ ಬಗ್ಗೆಯೋ ಆಡಬಾರದು. ಅಲ್ಲಿ ಕೂತಿದ್ದವರಲ್ಲಿ ಅರ್ಧಕ್ಕರ್ಧ ಜನ ಅವರ ಕೈಯ ಏಟು ತಿಂದವರು. ಯಾರೂ ಬಾಯಿ ಬಿಡಲಿಲ್ಲ. ಅದಕ್ಕೇ ಈಗ ನಾನು ಬರೆಯುತ್ತಿದ್ದೇನೆ.

ನಾನು ಸಿರುಗುಪ್ಪದ ಆಚೆಯ ಕರೂರಿನವಳು. ನನ್ನ ಅಪ್ಪ, ಅವ್ವ ಭತ್ತದ ಗದ್ದೆಗಳಲ್ಲಿ ಕೂಲಿ ಮಾಡಿದವರು. ನರ್ಸ್ ತರಬೇತಿ ಮುಗಿಸಿ ಎಪ್ಪತ್ತರ ದಶಕದ ಶುರುವಿನಲ್ಲಿ ಡಾಕ್ಟರಮ್ಮನ ನರ್ಸಿಂಗ್ ಹೋಮಿಗೆ ಸೇರಿದೆ. ಬಳ್ಳಾರಿಯ ಗಾಂಧಿನಗರದಲ್ಲಿ ಹತ್ತಿ ವ್ಯಾಪಾರಿಯೊಬ್ಬರ ಹಳೆಯ ಮನೆಯನ್ನು ಬಾಡಿಗೆಗೆ ಹಿಡಿದು ನಡೆಸುತ್ತಿದ್ದರು. ಹತ್ತಿ ಅಂಡಿಗೆ ಪೇರಿಸುತ್ತಿದ್ದ ಪಡಸಾಲೆ ಬಾಣಂತಿಯರ ವಾರ್ಡಾಗಿತ್ತು, ಅಡುಗೆಮನೆ ಆಪರೇಷನ್ ಥಿಯೇಟರಾಗಿತ್ತು. ಮೊದಲ ದಿನ, ಆಗತಾನೇ ಹುಟ್ಟಿದ ಕೂಸನ್ನು ಎತ್ತಿಕೊಳ್ಳಬೇಕೆಂದು ಸೋಪು ಹಚ್ಚಿ ಚೆನ್ನಾಗಿ ಕೈ ತೊಳೆದೆ. ತೊಳೆದವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡೆ. ಅಷ್ಟೇ. ಫಟೀರೆಂದು ಬಿತ್ತು. ಕಿವಿ ಗುಂಯ್ ಎಂದಿತು.

“ಲೇ ಹುಡುಗಿ, ಎಷ್ಟ ಸೋಪ್ ಹಚ್ಚಿದ್ರೇನು? ಸೆರಗಿಗೆ ಒರಿಸಿದ ಮ್ಯಾಲ ಅದು ಕೈ ಅಲ್ಲ, ಸೆರಗು! ಆ ಸೆರಗು ಮುಂಜಾನಿಯಿಂದ ಬಸ್ಸಿನಾಗ ಎಲ್ಲೆಲ್ಲಿ ಒರಿಸಿಕೊಂಡು ಬಂದೈತಿ ನಿನಗ ಗೊತ್ತೈತೇನು?”

ನಾನು ಅಳುತ್ತಾ ಮತ್ತೆ ತೊಳೆದುಕೊಂಡೆ, ಕೈಗಳನ್ನು ಮೇಲೆತ್ತಿ ಗಾಳಿಯಲ್ಲಿ ಒಣಗಿಸಿಕೊಂಡೆ. ಅಂದಿನಿಂದ ಇಂದಿನವರೆಗೆ ನನ್ನ ಮನೆಯ ಅಡುಗೆಮನೆಯಲ್ಲೂ ಸೆರಗಿಗೆ ಕೈ ಒರೆಸಿಲ್ಲ.

ಡಾಕ್ಟರಮ್ಮ ಕುಳ್ಳಗಿದ್ದರು, ಗಟ್ಟಿಯಾಗಿದ್ದರು. ಬಿಳಿ ಸೀರೆಯನ್ನು ಕಳೆ ಕೀಳುವ ಹೆಂಗಸರ ಹಾಗೆ ಮೊಣಕಾಲವರೆಗೆ ಎತ್ತಿ ಕಟ್ಟಿ ಓಡಾಡುತ್ತಿದ್ದರು. ಹಣೆಯಲ್ಲಿ ಮೂರು ಬೆರಳಿನ ವಿಭೂತಿ. ಹುಟ್ಟಿದ ಮನೆ ಕುರುಗೋಡು, ಓದಿದ್ದು ಮದ್ರಾಸಿನಲ್ಲಿ. ಗಂಡ ಬೇಗ ತೀರಿಕೊಂಡಿದ್ದರು, ಒಬ್ಬಳೇ ಮಗಳು. ಮಾತು ಕನ್ನಡ, ಜಟಕಾದವರ ಹತ್ತಿರ ಉರ್ದು, ಸಿಟ್ಟು ಬಂದರೆ ತೆಲುಗು. “ನೋರು ಮೂಸ್ಕೋ!” ಎಂದು ಅವರು ಅಬ್ಬರಿಸಿದರೆ ತೆಲುಗು ಬಾರದವರೂ ಬಾಯಿ ಮುಚ್ಚುತ್ತಿದ್ದರು. ಕೈಯಲ್ಲಿ ಸದಾ ಒಂದು ಕಟ್ಟಿಗೆಯ ಸ್ಕೇಲು. ಅದರಿಂದ ಅವರು ಗೆರೆ ಎಳೆದದ್ದನ್ನು ನಾನು ಕಂಡಿಲ್ಲ.

ಯಾರಿಗೆ ಬೀಳುತ್ತಿತ್ತು ಎಂದು ಕೇಳಿದರೆ, ಯಾರಿಗೆ ಬೀಳುತ್ತಿರಲಿಲ್ಲ ಎಂದು ಹೇಳುವುದು ಸುಲಭ. ಹೊಟ್ಟೆಯಲ್ಲಿರುವ ಕೂಸಿಗೆ, ಅದನ್ನು ಹೊತ್ತವಳಿಗೆ ಬೀಳುತ್ತಿರಲಿಲ್ಲ. ಉಳಿದವರು ಜೋಕೆಯಾಗಿರಬೇಕಿತ್ತು. ಮಂಡಾಳು ಒಗ್ಗರಣೆಯ ಪೊಟ್ಟಣ ಹಿಡಿದು ಬಾಣಂತಿಯ ಮಂಚದ ಮೇಲೆ ಸಾಲಾಗಿ ಕೂತ ನೆಂಟರಿಗೆ ಬೀಳುತ್ತಿತ್ತು. ವಾರ್ಡಿನ ಮೂಲೆಗೆ ಎಲೆಅಡಿಕೆ ಉಗಿದ ಪುರಸಭೆಯ ಮೆಂಬರರೊಬ್ಬರಿಗೂ ಬಿತ್ತು. ಅವರದೇ ಹೆಗಲ ಸೆಲ್ಲೆಯಲ್ಲಿ ಅದನ್ನು ಒರೆಸಿದ್ದೂ ಆಯಿತು. ಒಮ್ಮೆ ಕೀವು ತಾಗಿದ ಹಾಸಿಗೆಯನ್ನು ಕಾಂಪೌಂಡರು ಬಿಸಿಲಿಗೆ ಹಾಕಿ, ಮಗ್ಗಲು ತಿರುವಿ ಮತ್ತೆ ಹಾಸಿದ್ದ. ಡಾಕ್ಟರಮ್ಮ ಆ ಹಾಸಿಗೆಯನ್ನು ತಾವೇ ಬೀದಿಗೆ ಎಳೆದುಕೊಂಡು ಹೋಗಿ ಸೀಮೆಎಣ್ಣೆ ಸುರಿದು ಕಡ್ಡಿ ಗೀರಿದರು. ಕಾಂಪೌಂಡರನ ಕುತ್ತಿಗೆ ಹಿಡಿದು ಉರಿ ಮುಖಕ್ಕೆ ತಾಗುವಷ್ಟು ಹತ್ತಿರ ನಿಲ್ಲಿಸಿ, ಪೂರಾ ಬೂದಿಯಾಗುವವರೆಗೆ ನೋಡಿಸಿದರು. ಅವನ ಹುಬ್ಬಿನ ಕೂದಲು ಸೀದುಹೋಗಿತ್ತು.

ಅವರ ಸ್ವಂತ ದೊಡ್ಡಪ್ಪ ಕುರುಗೋಡಿನಿಂದ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಮನೆತನದ ಸೊಸೆ ಹೆತ್ತಿದ್ದಳು. ನಮ್ಮ ಕಡೆ ಶರಣರ ಮನೆಗಳಲ್ಲಿ ಕೂಸಿನ ಹೊಕ್ಕುಳಿಗೆ ಮಠದ ವಿಭೂತಿ ಹಚ್ಚುವ ಪದ್ಧತಿ ಇತ್ತು. ಹಸುವಿನ ಸಗಣಿ ಸುಟ್ಟು ಮಾಡಿದ ಬೂದಿ ಅದು. ಎಂಬತ್ತು ದಾಟಿದ ಮುದುಕರು ಬೊಟ್ಟಿನಲ್ಲಿ ವಿಭೂತಿ ತೆಗೆದುಕೊಂಡು ಹಸಿ ಹೊಕ್ಕುಳಿನ ಕಡೆ ಕೈ ಚಾಚಿದರು. ಸ್ಕೇಲು ಅವರ ಮಣಿಕಟ್ಟಿನ ಮೇಲೆ ಎಷ್ಟು ಜೋರಾಗಿ ಬಿತ್ತೆಂದರೆ ವಿಭೂತಿ ಚೆಲ್ಲಾಪಿಲ್ಲಿಯಾಗಿ ವಾರ್ಡೆಲ್ಲ ಹಾರಿತು.

“ದೊಡ್ಡಪ್ಪಾ, ವಿಭೂತಿ ಹಣಿಗೆ ಹಚ್ಚೋದು. ಇಲ್ಲಿ ಹಚ್ಚಿದ್ರ ಧನುರ್ವಾಯು ಆಗತೈತಿ. ಹುಟ್ಟಿದ ವಾರದಾಗ ಕೂಸು ಬಿಲ್ಲಿನಂಗ ಬಾಗಿ ಸಾಯತೈತಿ. ನಿನ್ನ ಕೈಯಾರ ಕುಣಿ ತೋಡ್ತೀಯೇನು?”

“ಶಿವನ ಪ್ರಸಾದಕ್ಕ ಹೊಡದಿ ನೀನು,” ಎಂದು ಮುದುಕರು ಮಣಿಕಟ್ಟು ಹಿಡಿದುಕೊಂಡು ಹೇಳಿದರು. “ನಿನ್ನ ಕೈ ಕೊಳತು ಹೋಗತೈತಿ.”

“ಹೋಗ್ಲಿ,” ಎಂದರು ಡಾಕ್ಟರಮ್ಮ. ಆಮೇಲೆ ನೆಲಕ್ಕೆ ಬಿದ್ದ ವಿಭೂತಿಯನ್ನು ಬಗ್ಗಿ ಬಳಿದು ತಮ್ಮ ಹಣೆಗೆ ಹಚ್ಚಿಕೊಂಡು, ಕೈ ತೊಳೆಯಲು ಹೋದರು. ದೊಡ್ಡಪ್ಪ ಮತ್ತೆ ಅವರೊಡನೆ ಮಾತಾಡಲಿಲ್ಲ.

ಇದನ್ನೆಲ್ಲ ಇವತ್ತು ನಗುತ್ತಾ ಹೇಳುವವರಿದ್ದಾರೆ. ನಾನು ನಗಲಾರೆ. ಆ ಹೊಡೆತಗಳಿಂದ ನಾವು ಕಲಿತದ್ದು ಕೈ ತೊಳೆಯುವುದನ್ನು ಮಾತ್ರವಲ್ಲ, ಮುಚ್ಚಿಡುವುದನ್ನೂ. ಒಡೆದ ಥರ್ಮಾಮೀಟರುಗಳಿಗೆ ಹಿತ್ತಿಲಲ್ಲಿ ಒಂದು ಸ್ಮಶಾನವೇ ಇತ್ತು. ನೀರು ಕುದಿಯುವ ಮೊದಲೇ ಸಿರಿಂಜು ತೆಗೆದವಳು ತೆಗೆದಿಲ್ಲವೆನ್ನುತ್ತಿದ್ದಳು, ನೋಡಿದವಳು ನೋಡಿಲ್ಲವೆನ್ನುತ್ತಿದ್ದಳು. ಡಾಕ್ಟರಮ್ಮನ ಹೆಜ್ಜೆ ಸಪ್ಪಳ ಕೇಳಿದರೆ ಎಲ್ಲವೂ ಸರಿಯಾಗಿರುತ್ತಿತ್ತು. ಸರಿಯಾಗಿ ಕಾಣುತ್ತಿತ್ತು ಅನ್ನಬೇಕು.

ಹುಲಿಗೆಮ್ಮ ಎಂಬ ಆಯಾ ಇದ್ದಳು, ರೂಪನಗುಡಿಯವಳು. ಥಿಯೇಟರಿನ ಬಟ್ಟೆ, ಹತ್ತಿ, ಗಾಯಕ್ಕೆ ಕಟ್ಟುವ ಜಾಳು ಬಟ್ಟೆ ಎಲ್ಲವನ್ನೂ ತಗಡಿನ ದುಂಡನೆಯ ಡ್ರಮ್ಮಿನಲ್ಲಿ ತುಂಬಿ, ಹಿತ್ತಿಲಲ್ಲಿ ದೊಡ್ಡ ಕುಕ್ಕರಿನಂಥ ಹಬೆಯ ಪಾತ್ರೆಯಲ್ಲಿಟ್ಟು ಬೇಯಿಸುವುದು ಅವಳ ಕೆಲಸ. ಒಲೆ ಸೀಮೆಎಣ್ಣೆಯದು. ಊರಲ್ಲೆಲ್ಲ ಸೀಮೆಎಣ್ಣೆಗೆ ಹಾಹಾಕಾರವಿದ್ದ ಒಂದು ಬೇಸಿಗೆಯಲ್ಲಿ, ಹಬೆ ಏರುವ ಮೊದಲೇ ಒಲೆ ನಂದಿತು. ಎಣ್ಣೆ ತೀರಿದ್ದನ್ನು ಮೊದಲೇ ಹೇಳಬೇಕಿತ್ತು, ಹೇಳಿರಲಿಲ್ಲ. ಹೇಳಿದರೆ ಏಟು. ಹುಲಿಗೆಮ್ಮ ಡ್ರಮ್ಮಿನ ಮುಚ್ಚಳ ಬಿಗಿದು, ಬೆಂದ ಡ್ರಮ್ಮುಗಳ ಸಾಲಿನಲ್ಲಿ ತಂದಿಟ್ಟಳು.

ಆ ಡ್ರಮ್ಮು ತೆರೆದದ್ದು ಕುರುಗೋಡಿನ ಚೊಚ್ಚಲ ಬಸುರಿಯೊಬ್ಬಳಿಗೆ. ಹೊಟ್ಟೆ ಕೊಯ್ದು ಗಂಡುಕೂಸು ತೆಗೆದರು. ಕೂಸು ಚೆನ್ನಾಗಿತ್ತು. ತಾಯಿಗೆ ಜ್ವರ ಬಂತು, ಹೊಲಿಗೆ ಕೀವಾಯಿತು, ನಂಜು ಮೈಗೆಲ್ಲ ಏರಿತು. ಡಾಕ್ಟರಮ್ಮ ಮಂಚದ ಪಕ್ಕದಿಂದ ಏಳಲಿಲ್ಲ, ಇದ್ದ ಔಷಧವನ್ನೆಲ್ಲ ಸುರಿದರು. ಹುಡುಗಿ ಹಲ್ಲು ಕಟಕಟಿಸುತ್ತಾ, ತನ್ನ ಹೊಟ್ಟೆಯನ್ನು ತಾನೇ ಪರಚಿಕೊಳ್ಳುತ್ತಾ ಸತ್ತಳು.

ಮಧ್ಯಾಹ್ನದ ಹೊತ್ತಿಗೆ ಗಂಡನ ಮನೆಯವರು, ತವರಿನವರು ಲಾರಿ ತುಂಬ ಬಂದರು. ಕೈಯಲ್ಲಿ ಬಡಿಗೆ, ಗುದ್ದಲಿ ಕಾವು, ದಾರಿಯಲ್ಲಿ ಆಯ್ದ ಕಲ್ಲು. ಮೊದಲು ಬೋರ್ಡು ಬಿತ್ತು, ಆಮೇಲೆ ಕಿಟಕಿಗಳು. ಔಷಧಿ ಕಪಾಟನ್ನು ಕೆಡವಿದರು. ನೆಲದ ತುಂಬ ಗಾಜು, ಟಿಂಚರು. ಕಾಂಪೌಂಡರನನ್ನು ಹೊರಗೆಳೆದು ಮೆಟ್ಟುಗಾಲಿನಲ್ಲಿ ತುಳಿದರು, ಅವನ ಪಕ್ಕೆಲುಬು ಮುರಿದ ಸದ್ದು ನನಗೆ ಕೇಳಿಸಿತು. ನಾವು ಬಾಣಂತಿಯರನ್ನೂ ಕೂಸುಗಳನ್ನೂ ಥಿಯೇಟರಿನೊಳಗೆ ತುಂಬಿ ಅಗಳಿ ಹಾಕಿದೆವು. ಡಾಕ್ಟರಮ್ಮ ಒಬ್ಬರೇ ವಾರ್ಡಿನ ಬಾಗಿಲಲ್ಲಿ ಸ್ಕೇಲು ಹಿಡಿದು ನಿಂತದ್ದು ನನಗೆ ಕದದ ಸಂದಿನಿಂದ ಕಂಡಿತು.

“ನಮ್ಮ ಕೈಯಾಗ ತಪ್ಪಾಗಿಲ್ಲ!” ಎಂದು ಕೂಗಿದರು. “ನನ್ನ ಥೇಟರಿನ್ಯಾಗಿನ ಒಂದೊಂದು ಅರಿವೀನೂ ಹಬಿಯಾಗ ಬೆಂದೈತಿ. ಶಿವನ ಆಣಿ ಮಾಡಿ ಹೇಳ್ತೀನಿ!”

ಕಲ್ಲೊಂದು ಅವರ ಹುಬ್ಬಿನ ಮೇಲೆ ಬಡಿಯಿತು. ರಕ್ತ ವಿಭೂತಿಯ ಮೇಲೆ ಇಳಿದು ಕಣ್ಣು ತುಂಬಿತು. ಅವರು ಕದಲಲಿಲ್ಲ. ಸತ್ತವಳ ಅಣ್ಣ ಬಡಿಗೆ ಎತ್ತಿದವನು ಆ ಮುಖ ನೋಡಿ ಅಲ್ಲೇ ಕುಸಿದು ಕೂತು ಹೋ ಎಂದು ಅತ್ತ. ಅಷ್ಟರಲ್ಲಿ ಪೊಲೀಸರು ಬಂದರು, ಲಾಠಿ ಬೀಸಿ ಎಲ್ಲರನ್ನೂ ಚದುರಿಸಿದರು. ಹೆಣ ಹೊತ್ತವರ ಬೆನ್ನಿಗೂ ಲಾಠಿ ಬಿತ್ತು.

ನಾನು ಡಾಕ್ಟರಮ್ಮನ ಹುಬ್ಬಿಗೆ ಹೊಲಿಗೆ ಹಾಕುತ್ತಿದ್ದೆ. ಹುಲಿಗೆಮ್ಮ ಬಂದು ಗಾಜಿನ ಚೂರುಗಳ ಮೇಲೆಯೇ ಮೊಣಕಾಲೂರಿದಳು.

“ಅಮ್ಮಾರ, ನೀವು ಆಣಿ ಮಾಡಬಾರದಿತ್ತರಿ. ಆ ಡ್ರಮ್ಮು ಬೆಂದಿದ್ದಿಲ್ಲರಿ.”

ಸೂಜಿ ನನ್ನ ಕೈಯಲ್ಲೇ ನಿಂತಿತು. ಡಾಕ್ಟರಮ್ಮ ಬಹಳ ಮೆಲ್ಲಗೆ ಕೇಳಿದರು, “ಯಾಕ ಹೇಳಲಿಲ್ಲ?”

“ಹೊಡಿತೀರಂತ, ಅಮ್ಮಾರ.”

ಇವತ್ತು ಇವಳ ಹೆಣ ಬೀಳುತ್ತದೆ ಎಂದುಕೊಂಡೆ. ಡಾಕ್ಟರಮ್ಮ ಅರ್ಧ ಹೊಲಿದ ಹುಬ್ಬಿನಲ್ಲೇ ಎದ್ದರು. ಗೋಡೆಯ ಹತ್ತಿರ ಹೋಗಿ ಹಣೆಯನ್ನು ಗೋಡೆಗೆ ಬಡಿದುಕೊಂಡರು. ಒಮ್ಮೆ ಅಲ್ಲ. ನಾವಿಬ್ಬರೂ ಜಗ್ಗಿ ಹಿಡಿಯುವವರೆಗೆ ಬಡಿದುಕೊಂಡರು.

ಮರುದಿನ ನನ್ನನ್ನು ಕರೆದುಕೊಂಡು ಬಸ್ಸು ಹತ್ತಿ ಕುರುಗೋಡಿಗೆ ಹೋದರು. ತಲೆಗೆಲ್ಲ ಪಟ್ಟಿ. ಸತ್ತ ಹುಡುಗಿಯ ತವರುಮನೆಯ ಅಂಗಳದಲ್ಲಿ ನಿಂತು, ನೆರೆದವರೆಲ್ಲರಿಗೆ ಕೇಳುವ ಹಾಗೆ ಹೇಳಿದರು: “ನಿನ್ನೆ ನಾ ಹೇಳಿದ್ದು ಸುಳ್ಳು. ಅರಿವಿ ಬೆಂದಿದ್ದಿಲ್ಲ. ನಿಮ್ಮ ಮಗಳು ನಮ್ಮ ತಪ್ಪಿನಿಂದ ಸತ್ಲು.”

“ಯಾರು ಮಾಡಿದ್ದು?” ಎಂದು ಯಾರೋ ಕೂಗಿದರು.

“ನಾನ.”

ಹುಡುಗಿಯ ತಾಯಿ ಒಳಗಿನಿಂದ ಬಂದಳು. ಕಾಲಿನ ಕೆರ ಕಳಚಿ ಡಾಕ್ಟರಮ್ಮನ ಮುಖಕ್ಕೆ ಹೊಡೆದಳು. ಹೆಗಲಿಗೆ, ಎದೆಗೆ, ಪಟ್ಟಿ ಕಟ್ಟಿದ ಹಣೆಗೆ ಹೊಡೆದಳು. ನಾನು ಅಡ್ಡ ಹೋದರೆ ಡಾಕ್ಟರಮ್ಮ, “ನೋರು ಮೂಸ್ಕೊಂಡು ದೂರ ನಿಂದ್ರು!” ಎಂದು ಗದರಿದರು. ಕೈ ಕಟ್ಟಿಕೊಂಡು ನಿಂತೇ ಇದ್ದರು. ಹೊಡೆದು ಹೊಡೆದು ಆ ತಾಯಿಗೇ ಸಾಕಾಯಿತು.

“ಯಾಕ ಬಂದಿ?” ಎಂದು ಅವಳು ಏದುಸಿರಿನಲ್ಲಿ ಕೇಳಿದಳು. “ಹಣೇಬರ ಅಂದ್ಕೊಂಡು ಸುಮ್ಮನಿರ್ತಿದ್ದಿವಲ್ಲ. ಯಾಕ ಬಂದು ಹೇಳಿದಿ?”

“ಹಣೇಬರ ಅಂದ್ರ ನಾಳೆ ಇನ್ನೊಬ್ಬಾಕಿ ಸಾಯ್ತಾಳವ್ವ,” ಎಂದರು ಡಾಕ್ಟರಮ್ಮ.

ಹಿಂತಿರುಗುವ ಬಸ್ಸಿನಲ್ಲಿ ನಾನು ಹುಲಿಗೆಮ್ಮನನ್ನು ಕೆಲಸದಿಂದ ತೆಗೆಯುತ್ತೀರಾ ಎಂದು ಕೇಳಿದೆ. ಬಾತ ತುಟಿಯಲ್ಲೇ ಬೈದರು. “ಹುಚ್ಚಿ ಅದೀ ನೀನು. ಆಕಿನ್ನ ಓಡಿಸಿದ್ರ ಮುಂದ ಬರಾಕಿ ಇನ್ನಾ ಗಟ್ಟಿ ಮುಚ್ಚಿಡ್ತಾಳ.” ಅವರ ಮಾತಿನಲ್ಲಿ ಕರುಣೆಯೇನೂ ಇರಲಿಲ್ಲ. ಲೆಕ್ಕ ಸರಿಯಾಗಿತ್ತು.

ಆಮೇಲೆ ಒಂದು ಕಟ್ಟಳೆ ಮಾಡಿದರು. ತಪ್ಪು ಮಾಡಿ ಹೇಳಿದವರಿಗೆ ಏಟಿಲ್ಲ, ಮುಚ್ಚಿಟ್ಟವರಿಗೆ ಉಳಿವಿಲ್ಲ. ಥಿಯೇಟರಿನ ಬಾಗಿಲಲ್ಲಿ ಸರದಿಯ ಮೇಲೆ ಒಬ್ಬರು ನಿಲ್ಲಬೇಕು. ನರ್ಸಾಗಲಿ, ಆಯಾ ಆಗಲಿ, ಕಸ ಗುಡಿಸುವವರಾಗಲಿ, ಆ ಹೊತ್ತಿನ ಮಟ್ಟಿಗೆ ಬಾಗಿಲು ಅವರದು. ಅನುಮಾನ ಬಂದರೆ ಯಾರನ್ನು ಬೇಕಾದರೂ ತಡೆಯಬೇಕು. “ನನ್ನೂ ತಡೀಬೇಕು. ನಾ ಕೂಗಾಡಿದ್ರೂ ಬಿಡಬಾರದು. ಬಿಟ್ರಿ ಅಂದ್ರ ಕೊಲೆ ಮಾಡಿದಂಗ,” ಎಂದರು.

ಸಿಟ್ಟು ಎಲ್ಲಿಗೆ ಹೋಗಬೇಕು? ತಪ್ಪು ಹೇಳಲು ಬಂದವರ ಮುಂದೆ ಹಲ್ಲು ಕಚ್ಚಿ ಕೂತು ಕೇಳುತ್ತಿದ್ದರು. ಆಮೇಲೆ ಹಿತ್ತಿಲಿಗೆ ಹೋಗಿ ಬಟ್ಟೆ ಒಗೆಯುವ ಬಂಡೆಯನ್ನು ಸ್ಕೇಲಿನಿಂದ ಚಚ್ಚುತ್ತಿದ್ದರು, ತೆಲುಗಿನಲ್ಲಿ ಬಂಡೆಯ ಅವ್ವ ಅಪ್ಪನನ್ನೆಲ್ಲ ಎಳೆಯುತ್ತಿದ್ದರು. ಎಷ್ಟು ಸ್ಕೇಲು ಮುರಿದವೋ. ಮೊದಮೊದಲು ಯಾರೂ ನಂಬಲಿಲ್ಲ. ಒಬ್ಬ ಹುಡುಗಿ ಗ್ಲೌಸು ನೆಲಕ್ಕೆ ಬಿದ್ದಿತ್ತೆಂದು ಬಂದು ಹೇಳಿ, ಎರಡೂ ಕೈಯಿಂದ ಕೆನ್ನೆ ಮುಚ್ಚಿಕೊಂಡು ನಿಂತಳು. ಏಟು ಬೀಳಲಿಲ್ಲ, ಬಂಡೆಗೆ ಬಿತ್ತು. ಆಮೇಲೆ ಒಬ್ಬೊಬ್ಬರಾಗಿ ಹೇಳತೊಡಗಿದೆವು. ಹಿತ್ತಿಲ ಸ್ಮಶಾನದಲ್ಲಿ ಹೊಸ ಥರ್ಮಾಮೀಟರು ಹೂಳುವುದು ನಿಂತಿತು. ಡಾಕ್ಟರಮ್ಮ ಬದಲಾದರು ಎಂದು ನಾನು ಹೇಳುವುದಿಲ್ಲ. ಉಗುಳುವವರಿಗೆ, ಮಂಚದ ಮೇಲೆ ಕೂರುವವರಿಗೆ ಬೀಳುವುದು ಬೀಳುತ್ತಲೇ ಇತ್ತು.

ವರ್ಷಗಳು ಕಳೆದವು. ಮಗಳನ್ನು ಸಿರುಗುಪ್ಪದ ಅಕ್ಕಿ ಗಿರಣಿಯವರ ಮನೆಗೆ ಕೊಟ್ಟಿದ್ದರು. ಎಂಬತ್ತರ ದಶಕ ಶುರುವಾಗಿತ್ತು. ಒಂದು ಮಧ್ಯಾಹ್ನ ಅಳಿಯ ಜೀಪಿನಲ್ಲಿ ಅವಳನ್ನು ಕರೆತಂದ. ಹೆರಿಗೆಗೆ ಇಲ್ಲಿಗೇ ಬರಬೇಕಿತ್ತು, ದಿನ ತುಂಬುವ ಮೊದಲೇ ನೋವು ಬಂದಿತ್ತು. ಕೂಸು ಅಡ್ಡ ತಿರುಗಿತ್ತು, ಒಂದು ಪುಟ್ಟ ಕೈ ಹೊರಗೆ ಬಂದಿತ್ತು. ಹೊಟ್ಟೆ ಕೊಯ್ಯದೆ ಗತಿಯಿರಲಿಲ್ಲ. ಮಗಳು ಚೀರುತ್ತಿದ್ದಳು. ನಾನು ಥಿಯೇಟರಿನಲ್ಲಿ ಎಲ್ಲ ಸಜ್ಜು ಮಾಡಿ ಹೊರಗೆ ಬಂದರೆ ಬಾಗಿಲಲ್ಲಿ ಗದ್ದಲ.

ಆ ಹೊತ್ತು ಬಾಗಿಲ ಸರದಿ ಹುಲಿಗೆಮ್ಮನದು. ಡಾಕ್ಟರಮ್ಮನ ಕೈಗೆ ನೀರು ಹಾಕುವಾಗ ಅವರ ಬಲಗೈ ತೋರುಬೆರಳು ನೋಡಿದ್ದಳು. ಉಗುರುಸುತ್ತು. ಬೆರಳು ಕೆಂಪಾಗಿ ಬಾತು, ಉಗುರಿನ ಬುಡದಲ್ಲಿ ಕೀವು ತುಂಬಿತ್ತು.

“ಒಳಗ ಬಿಡಂಗಿಲ್ಲರಿ, ಅಮ್ಮಾರ,” ಎಂದಳು.

“ಎರಡೆರಡು ಗ್ಲೌಸ್ ಹಾಕ್ಕೊಂತೀನಿ. ಸರಿ ಅತ್ತಾಗ.”

“ಗ್ಲೌಸು ತ್ಯಾಪಿ ಹಚ್ಚಿದ್ವರಿ. ಒಳಗ ಹರಿದ್ರ ಗೊತ್ತಾಗಂಗಿಲ್ಲಂತ ನೀವ ಹೇಳೀರಿ.”

ಅದು ನಿಜವಾಗಿತ್ತು. ಆಗ ಗ್ಲೌಸುಗಳನ್ನು ತೊಳೆದು, ಊದಿ ತೂತು ನೋಡಿ, ತೇಪೆ ಅಂಟಿಸಿ ಮತ್ತೆ ಮತ್ತೆ ಬಳಸುತ್ತಿದ್ದೆವು.

“ನನ್ನ ಮಗಳ ಸಾಯಾಕತ್ಯಾಳಲೇ!”

ಏಟು ಬಿತ್ತು. ಹುಲಿಗೆಮ್ಮನ ತುಟಿ ಸೀಳಿತು. ಅವಳು ಬಾಗಿಲ ಚೌಕಟ್ಟನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಡಾಕ್ಟರಮ್ಮ ಅವಳ ಕೂದಲು ಹಿಡಿದು ತಲೆಯನ್ನು ಚೌಕಟ್ಟಿಗೆ ಕುಟ್ಟಿದರು, ಹೊಟ್ಟೆಗೆ ಮೊಣಕಾಲಿನಿಂದ ಗುದ್ದಿದರು. ಹುಲಿಗೆಮ್ಮ ತಿರುಗಿ ಕೈಯೆತ್ತಲಿಲ್ಲ, ಚೌಕಟ್ಟನ್ನೂ ಬಿಡಲಿಲ್ಲ. “ಕುರುಗೋಡಿನಾಕಿನ್ನ ನಾ ಕೊಂದೀನರಿ. ಇನ್ನೊಬ್ಬಾಕಿನ್ನ ಕೊಲ್ಲಂಗಿಲ್ಲರಿ,” ಎಂದು ರಕ್ತ ಉಗುಳುತ್ತಾ ಹೇಳಿದಳು. ನಾನು ಹಿಂದಿನಿಂದ ಡಾಕ್ಟರಮ್ಮನ ನಡು ಹಿಡಿದು ಜಗ್ಗಿದೆ. ನನಗೂ ಮೊಣಕೈ ಬಿತ್ತು. ಕಾಂಪೌಂಡರು ಸ್ಕೂಟರು ಹತ್ತಿ ಇನ್ನೊಬ್ಬ ಸರ್ಜನ್ನರನ್ನು ಕರೆತರಲು ಓಡಿದ.

ಒಮ್ಮೆಲೇ ಡಾಕ್ಟರಮ್ಮನ ಮೈ ಸಡಿಲವಾಯಿತು. ಹೊರಗಿನ ಬೆಂಚಿನ ಮೇಲೆ ಹೋಗಿ ಕೂತರು. ಆ ಬಲಗೈಯನ್ನು ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡರು. ಮಗಳು ಒಳಗಿನಿಂದ “ಅವ್ವಾ, ಬಾರಬೇ ಅವ್ವಾ” ಎಂದು ಕೂಗಿದಾಗಲೆಲ್ಲ ಆ ಕೈಯನ್ನು ಇನ್ನಷ್ಟು ಒತ್ತಿದರು. ಸರ್ಜನ್ನರು ಮನೆಯಲ್ಲಿರಲಿಲ್ಲ, ಹುಡುಕಿ ಕರೆತರುವ ಹೊತ್ತಿಗೆ ತಡವಾಯಿತು.

ಮಗಳು ಉಳಿದಳು. ಕೂಸು ಉಳಿಯಲಿಲ್ಲ. ಡಾಕ್ಟರಮ್ಮ ಒಳಗೆ ಹೋಗಿದ್ದರೆ ಉಳಿಯುತ್ತಿತ್ತೇ, ತಾಯಿ ನಂಜೇರಿ ಸಾಯುತ್ತಿದ್ದಳೇ, ಇದನ್ನು ಅವತ್ತೂ ಯಾರೂ ಹೇಳಲಾರದಾದರು, ಇವತ್ತು ನಾನೂ ಹೇಳಲಾರೆ. ಮಗಳಂತೂ ಒಂದು ಉತ್ತರ ಇಟ್ಟುಕೊಂಡಳು. ಆಮೇಲೆ ತವರಿಗೆ ಬರುವುದನ್ನು ಬಿಟ್ಟಳು.

ಅವತ್ತು ನಾನು ಥಿಯೇಟರಿನಿಂದ ಹೊರಬಂದು ವಿಷಯ ತಿಳಿಸಿದೆ. ಅಳಿಯ, “ಈ ರಂಡಿಯಿಂದ ಆತು!” ಎಂದು ಹುಲಿಗೆಮ್ಮನ ಮೇಲೆ ನುಗ್ಗಿದ. ಡಾಕ್ಟರಮ್ಮ ಎದ್ದು ಎಡಗೈಯಲ್ಲಿ ಅವನ ಅಂಗಿಯ ಕೊರಳು ಹಿಡಿದು ಗೋಡೆಗೆ ನೂಕಿದರು.

“ಆಕಿನ್ನ ಮುಟ್ಟಿದ್ರ ಕೈ ಮುರೀತೀನಿ. ಆಕಿ ನನ್ನ ಮಾತ ನಡಿಸ್ಯಾಳ.”

ಅಳಿಯ ಅಲ್ಲೇ ಕುಕ್ಕರಿಸಿದ. ಡಾಕ್ಟರಮ್ಮ ಹುಲಿಗೆಮ್ಮನ ಮುಖವನ್ನು ನೋಡಿದರು. ತುಟಿ ಇಬ್ಭಾಗವಾಗಿ ಗಲ್ಲದವರೆಗೆ ರಕ್ತ ಇಳಿದಿತ್ತು. ಅದನ್ನು ಮುಟ್ಟಲು ಹೋದ ಕೈ ಅರ್ಧದಲ್ಲೇ ನಿಂತಿತು.

“ಸಿಸ್ಟರ್, ಆಕಿ ತುಟಿಗೆ ಹೊಲಿಗಿ ಬೇಕು, ನೀನ ಹಾಕು,” ಎಂದರು ನನಗೆ. “ನಾ ಮುಟ್ಟಂಗಿಲ್ಲ.”

ಆಮೇಲೆ ಬಟ್ಟೆ ಸುತ್ತಿದ ಕೂಸನ್ನು ಹಿಡಿದು ನಿಂತಿದ್ದ ನರ್ಸಿನ ಕಡೆ ತಿರುಗಿ ಎರಡೂ ಕೈ ಚಾಚಿದರು. ಆ ಹುಡುಗಿ ಬೆರಳನ್ನು ನೋಡಿ ಹಿಂದೆ ಸರಿದಳು. ಕಲಿಸಿದ್ದು ಹಾಗೆ.

“ಕೊಡವ್ವ,” ಎಂದರು ಡಾಕ್ಟರಮ್ಮ. “ಇದಕ್ಕ ಇನ್ನ ನಂಜಾಗಂಗಿಲ್ಲ.”